ಹದಿನಾಲ್ಕನೇ ಪ್ಯಾರಾ

ಮಾರ್ಚ್ 3, ಸೋಮವಾರ

ಇವತ್ತು ಬೈಸಿಕೊಂಡೆ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಟೈಪಿಂಗ್ ವಿಷಯಕ್ಕೆ ಬೈಸಿಕೊಂಡದ್ದು ಇದೇ ಮೊದಲು. ಸೆಪ್ಟೆಂಬರ್ ಮೂವತ್ತಕ್ಕೆ ನಿವೃತ್ತಿ. ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದೆ ಮನೆಗೆ ಹೋಗಬೇಕು ಅನ್ನುವುದೊಂದೇ ನನಗಿರುವ ಆಸೆ. ಅದಕ್ಕೂ ಕಲ್ಲು ಬೀಳುವ ಹಾಗಿದೆ.

ಬೈದವರು ಹೊಸ ನ್ಯಾಯಾಧೀಶರು. ಬಂದು ಮೂರು ವಾರವಾಗಿದೆ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಚೇಂಬರಿನಲ್ಲಿ ಅಡ್ಡಾಡುತ್ತ ತೀರ್ಪು ಹೇಳುತ್ತಾರೆ, ನಾನು ಶೀಘ್ರಲಿಪಿಯಲ್ಲಿ ಗೀಚಿಕೊಂಡು ಆಮೇಲೆ ಟೈಪ್ ಮಾಡುತ್ತೇನೆ. ಹಿಂದಿದ್ದವರೆಲ್ಲ ನಡುವೆ ಜವಾನನನ್ನು ಗದರುತ್ತಿದ್ದರು, ಸೊಂಟ ನೋವೆಂದು ನರಳುತ್ತಿದ್ದರು, ಮನೆಗೆ ಫೋನು ಮಾಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ನಾನು ಅದನ್ನೂ ಬರೆದುಕೊಳ್ಳುವವಳೇ, ಕೈ ನಿಲ್ಲುವುದಿಲ್ಲ. ಆದರೆ ಅಂಥ ಮಾತಿನ ಪಕ್ಕದ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗೆರೆ ಇದ್ದದ್ದು ಟೈಪ್ ಆಗುವುದಿಲ್ಲ. ಇದು ನಾನೇ ಮಾಡಿಕೊಂಡ ಏರ್ಪಾಡು, ಇಷ್ಟು ವರ್ಷ ಯಾರೂ ಚಕಾರ ಎತ್ತಿರಲಿಲ್ಲ.

ಮೊನ್ನೆ ಶನಿವಾರ ಒಂದು ತೀರ್ಪಿನ ನಡುವೆ ಸಾಹೇಬರು "ಅಯ್ಯೋ ಪಾಪ" ಅಂದರು. ಗೆರೆ ಎಳೆದು ಬಿಟ್ಟುಬಿಟ್ಟೆ. ಅದು ತೀರ್ಪಿನದೇ ಭಾಗವಂತೆ, ಬೇಕೆಂದೇ ಹೇಳಿದ್ದಂತೆ. ಜವಾನನ ಎದುರಿಗೇ ಬೈದರು.

"ನಾನು ಹೇಳಿದ್ದೆಲ್ಲ ಟೈಪ್ ಆಗ್ಬೇಕು. ಯಾವುದು ತೀರ್ಪು, ಯಾವುದು ಅಲ್ಲ ಅಂತ ತೀರ್ಮಾನ ಮಾಡೋದು ನಾನು, ನೀವಲ್ಲ."

ಆಗಲಿ ಸಾಹೇಬರೇ. ಇನ್ನು ನೀವು ಸೀನಿದರೂ ಟೈಪ್ ಆಗುತ್ತದೆ.

ಮನೆಯಲ್ಲಿ ಎಂದಿನಂತೆ ಎರಡು ಪಾಳಿ ಊಟ. ಅತ್ತೆಯದು ಮುಗಿದ ಮೇಲೆ ನನ್ನದು. ನಾಲ್ಕು ವರ್ಷದ ಹಿಂದೆ ನನ್ನ ನೋಟ್‌ಬುಕ್ಕಿನ ಹನ್ನೆರಡು ಹಾಳೆ ಹರಿದು ಅಡುಗೆಮನೆ ಕಪಾಟಿನ ಹಲಗೆಗೆ ಹಾಸಿದರು, ನಾನು ಒಂದು ಮಾತು ಅಂದೆ, ಅವರು ಎರಡು ಅಂದರು. ಅವತ್ತಿನಿಂದ ಇಬ್ಬರ ನಡುವೆ ಮಾತೆಲ್ಲ ನಮ್ಮವರ ಮೂಲಕ. ಅವರಿಗೆ ಬಸ್ ಕಂಡಕ್ಟರ್ ಕೆಲಸ, ಹಿಂದಿನ ಬಾಗಿಲಿನ ಮಾತನ್ನು ಮುಂದಿನ ಬಾಗಿಲಿಗೆ ದಾಟಿಸಿ ಅಭ್ಯಾಸವಿದೆ. ಉಪ್ಪಿನ ಡಬ್ಬಿ ಎಲ್ಲಿದೆ ಅನ್ನುವುದೂ ಅವರ ಮೂಲಕವೇ ಹೋಗಿ ಬರಬೇಕು.

ಮಾರ್ಚ್ 11, ಮಂಗಳವಾರ

ಕನ್ನಡಕ ಮತ್ತು ಬೀಗದ ಕೇಸಿನ ತೀರ್ಪು. ಒಂಬತ್ತು ವರ್ಷದ ಕೇಸು, ನಾಲ್ಕನೆಯ ನ್ಯಾಯಾಧೀಶರು.

ಪೇಟೆಯಲ್ಲಿ ಎರಡು ಅಂಗಡಿ, ನಡುವೆ ಒಂದೇ ಕಂಬ. ಕನ್ನಡಕದವರು ಆ ಕಂಬಕ್ಕೆ ಸೈಕಲ್ಲಿನಷ್ಟು ದೊಡ್ಡ ಮರದ ಕನ್ನಡಕ ನೇತುಹಾಕಿದ್ದಾರೆ. ಬೀಗ ರಿಪೇರಿಯವರು ಆಳೆತ್ತರದ ಮರದ ಕೀಲಿಕೈ ನೇತುಹಾಕಿದ್ದಾರೆ. ಗಾಳಿ ಬಂದರೆ ಎರಡೂ ಡಣ್ ಡಣ್ ಎಂದು ಹೊಡೆದುಕೊಳ್ಳುತ್ತವೆ. ನನ್ನದು ನಿಂತೇ ಇತ್ತು, ಅವನದೇ ಬಂದು ಹೊಡೆದದ್ದು ಅನ್ನುವುದು ಇಬ್ಬರದೂ ವಾದ. ಹಿಂದೊಬ್ಬ ನ್ಯಾಯಾಧೀಶರು ಸ್ಥಳ ಪರಿಶೀಲನೆಗೆ ಹೋಗಿ ಹಣೆಗೆ ಕೀಲಿಕೈ ಬಡಿಸಿಕೊಂಡು ವರ್ಗ ಮಾಡಿಸಿಕೊಂಡರು.

ಸಾಹೇಬರು ಹದಿಮೂರು ಪ್ಯಾರಾ ಹೇಳಿದರು. ಎರಡನ್ನೂ ಒಂದೊಂದು ಅಡಿ ಸರಿಸಬೇಕು ಅನ್ನುವುದು ಅದರ ಸಾರ, ಅದಕ್ಕೆ ಹದಿಮೂರು ಪ್ಯಾರಾ. ಅಷ್ಟರಲ್ಲಿ ಮನೆಯಿಂದ ಹೆಂಡತಿಯ ಫೋನು. ಅವರಿಗೆ ನಾಲ್ಕು ವರ್ಷದ ಅವಳಿ ಮಕ್ಕಳು, ಒಬ್ಬರನ್ನೊಬ್ಬರು ಕಚ್ಚಿಕೊಂಡಿದ್ದವಂತೆ. ಅಳು ನನ್ನ ಕುರ್ಚಿಯವರೆಗೆ ಕೇಳುತ್ತಿತ್ತು. ಸಾಹೇಬರು ಕಿಟಕಿಯ ಕಡೆ ತಿರುಗಿ ಹೇಳಿದರು:

"ಮೊದ್ಲು ಇಬ್ಬರನ್ನೂ ಒಂದೇ ಕಡೆ ಕೂರಿಸಿ ಊಟ ಹಾಕು. ಹೊಟ್ಟೆ ತುಂಬೋವರೆಗೂ ಯಾರ ಮಾತೂ ಕೇಳ್ಬೇಡ. ಯಾರು ಮೊದ್ಲು ಕಚ್ಚಿದ್ದು ಅಂತ ಆಮೇಲೆ ನೋಡೋಣ."

ಫೋನಿಟ್ಟು ಮುಂದಿನ ಪ್ಯಾರಾಕ್ಕೆ ಹೋದರು. ಕೈ ಅಭ್ಯಾಸದಂತೆ ಅಂಚಿನಲ್ಲಿ ಗೆರೆ ಎಳೆಯಿತು. ಟೈಪ್ ಮಾಡಲು ಕೂತಾಗ ಆ ಗೆರೆಯನ್ನೇ ನೋಡಿದೆ. ಜವಾನನ ಎದುರಿಗೆ ಬೈಸಿಕೊಂಡದ್ದು ನೆನಪಾಗಿ ಮೈ ಉರಿಯಿತು. ಹದಿನಾಲ್ಕನೇ ಪ್ಯಾರಾ ಎಂದು ಅಂಕಿ ಹಾಕಿ, ಹಲೋ ಗಿಲೋ ಬಿಟ್ಟು ಆ ಮೂರು ಸಾಲನ್ನು ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಟೈಪ್ ಮಾಡಿದೆ. ಓದಿ ನೋಡಿದಾಗ ಹಲ್ಲು ಕಿರಿಯುತ್ತಾರೋ, ಹಲ್ಲು ಕಡಿಯುತ್ತಾರೋ, ನೋಡಿಯೇ ಬಿಡೋಣ.

ಮಾರ್ಚ್ 12, ಬುಧವಾರ

ಓದಲಿಲ್ಲ. ಸಹಿ ಹಾಕಿದರು. ತೆರೆದ ಕೋರ್ಟಿನಲ್ಲಿ ಕೊನೆಯ ಸಾಲಷ್ಟೇ ಹೇಳಿದರು. ಪ್ರತಿ ಹೊರಗೆ ಹೋಯಿತು.

ಹೇಳಬೇಕೆಂದು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ.

ಏಪ್ರಿಲ್ 2, ಬುಧವಾರ

ಬೀಗದವರ ಪರ ಇರುವವರು ವಾಯಿದೆ ವಕೀಲರು. ಮೂವತ್ತು ವರ್ಷದಿಂದ ವಾಯಿದೆ ಕೇಳುವುದನ್ನು ಬಿಟ್ಟು ಬೇರೆ ವಾದ ಮಾಡಿಲ್ಲವೆಂದು ಆ ಹೆಸರು. ಅವರು ಮೇಲಿನ ಕೋರ್ಟಿಗೆ ಮನವಿ ಹಾಕಿದ್ದಾರೆ, ಅದರಲ್ಲಿ ಹದಿನಾಲ್ಕನೇ ಪ್ಯಾರಾವನ್ನು ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಸಾಹೇಬರು ಕರೆಸಿದರು. ಪ್ರತಿ ಮುಂದಿಟ್ಟುಕೊಂಡು ಕೂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ನಾನು ನೀವೇ ಹೇಳಿದ್ದಲ್ಲವೇ ಎಂದೆ. ಅವರು ಹೌದು, ನಾನೇ ಹೇಳಿದ್ದು, ನಾನೇ ಸಹಿ ಹಾಕಿದ್ದು ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೇಲಿನವರು ಅಷ್ಟು ಉದ್ದ ಓದಲಿಕ್ಕಿಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. ವಿಚಾರಣೆ ಎಂದು ಏನಾದರೂ ಶುರುವಾದರೆ ನನ್ನ ಸೇವಾ ಪುಸ್ತಕದ ಗತಿ ಏನು, ಪಿಂಚಣಿಯ ಗತಿ ಏನು? ಒಂದು ಸಿಟ್ಟಿಗೆ ಇಷ್ಟು ಬೇಕಿತ್ತೆ ನನಗೆ.

ಮೇ 20, ಮಂಗಳವಾರ

ಓದಿದ್ದಾರೆ. ಓದಿ ಮೆಚ್ಚಿದ್ದಾರೆ.

ಮೇಲಿನ ಕೋರ್ಟಿನವರು ಹದಿನಾಲ್ಕನೇ ಪ್ಯಾರಾ ಒಂದರ ಬಗ್ಗೆಯೇ ಇಪ್ಪತ್ತೆರಡು ಪುಟ ಬರೆದಿದ್ದಾರೆ. 'ಊಟ ಹಾಕು' ಎಂಬುದು ಸರ್ಕಾರಕ್ಕೆ ಕೊಟ್ಟ ನಿರ್ದೇಶನವಂತೆ. 'ಒಂದೇ ಕಡೆ' ಎಂದರೆ ಸಮಾನತೆಯಂತೆ. 'ಕಚ್ಚಿದ್ದು' ಎಂಬ ಮಾತನ್ನು ವಿದ್ವಾಂಸ ನ್ಯಾಯಾಧೀಶರು ಅತಿಕ್ರಮಣ ಎಂಬ ವಿಶಾಲ ಅರ್ಥದಲ್ಲಿ ಬಳಸಿದ್ದಾರಂತೆ. ಆದ್ದರಿಂದ ಇನ್ನು ಮುಂದೆ ಯಾವ ಕೆಳಗಿನ ಕೋರ್ಟೂ ಇಬ್ಬರು ಕಕ್ಷಿದಾರರನ್ನು ಒಂದೇ ಮೇಜಿಗೆ ಕೂರಿಸಿ ಊಟ ಹಾಕದೆ ಸಿವಿಲ್ ವಿಚಾರಣೆ ಆರಂಭಿಸುವಂತಿಲ್ಲ. ಇದು ಕಾನೂನು.

ಸಾಹೇಬರು ಇಪ್ಪತ್ತೆರಡು ಪುಟವನ್ನೂ ಓದಿ ಮುಗಿಸಿ, ನಾನು ಇಷ್ಟೆಲ್ಲ ಹೇಳಿದೆನೇ ಎಂದು ನನ್ನನ್ನೇ ಕೇಳಿದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಒಳಗಿನಿಂದ ಅತ್ತೆ, ಯಾಕಂತೆ ನಗು ಎಂದು ಅವರನ್ನೇ ಕೇಳಿದರು.

ಜೂನ್ 5, ಗುರುವಾರ

ಕೋರ್ಟಿನ ಅಂಗಳದಲ್ಲಿ ಹದಿನೆಂಟು ಮೇಜು ಬಂದಿವೆ. ಕ್ಯಾಂಟೀನಿನವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಏನು ಗೊತ್ತೋ ಏನು ಕತೆಯೋ.

ಮೊದಲ ಊಟ ಕನ್ನಡಕದವರಿಗೂ ಬೀಗದವರಿಗೂ, ಊಟ ಹಾಕಿ ಮತ್ತೆ ಕೇಳಿ ಎಂದು ಅವರ ಕೇಸನ್ನು ಮೇಲಿನವರು ವಾಪಸು ಕಳಿಸಿದ್ದಾರೆ. ಒಂಬತ್ತು ವರ್ಷದಲ್ಲಿ ಎದುರುಬದುರು ಕೂತದ್ದೇ ಇಲ್ಲ. ಮುಖ ಊದಿಸಿಕೊಂಡು ಶುರುಮಾಡಿದರು. ಅನ್ನ ಬೆಂದಿಲ್ಲ ಎಂದು ಕನ್ನಡಕದವರು ಗೊಣಗಿದರು, ಅದು ನಿಜ ಎಂದರು ಬೀಗದವರು. ಒಂಬತ್ತು ವರ್ಷದ ಕಡತದಲ್ಲಿ ಇಬ್ಬರೂ ಒಪ್ಪಿದ ಮೊದಲನೆಯ ಸಂಗತಿ ಅದು. ಊಟ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಕ್ಯಾಂಟೀನಿನವನ ಮೇಲೆ ಕೇಸು ಹಾಕುವ ಮಾತಾಡುತ್ತಿದ್ದರು.

ನಮ್ಮವರಿಗೆ ಇವತ್ತು ಎರಡನೇ ಪಾಳಿ, ಮನೆಯಲ್ಲಿರಲಿಲ್ಲ, ಕತೆಯನ್ನು ಫೋನಿನಲ್ಲೇ ಹೇಳಿದೆ. ಅತ್ತೆ ಗೋಡೆಯ ಕಡೆ ನೋಡುತ್ತ, ಅನ್ನ ಬೇಯದಿದ್ದರೆ ಅದು ಊಟ ಅಂತ ಆಗುತ್ತೋ ಇಲ್ಲವೋ ಎಂದರು. ನಾನೂ ಗೋಡೆಗೇ ಹೇಳಿದೆ, ಆ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ ಎಂದು.

ಜೂನ್ 19, ಗುರುವಾರ

ಕಾನೂನು ಬೆಳೆಯುತ್ತಿದೆ.

ಪಕ್ಕದ ಹಾಲಿನ ನ್ಯಾಯಾಧೀಶರು ಚಹಾ ಮತ್ತು ಎರಡು ಬಿಸ್ಕತ್ತು ಊಟಕ್ಕೆ ಸಮ ಎಂದು ತೀರ್ಪು ಕೊಟ್ಟಿದ್ದಾರೆ. ಮಹಡಿಯ ಮೇಲಿನವರು ಬಿಸ್ಕತ್ತು ಊಟವಲ್ಲ, ಆದರೆ ಅದ್ದಿ ತಿಂದರೆ ಸಂದರ್ಭ ನೋಡಿ ಹೇಳಬೇಕಾಗುತ್ತದೆ ಎಂದಿದ್ದಾರೆ. ಮೂರನೆಯವರು ಬಾಳೆಹಣ್ಣಿನ ಬಗ್ಗೆ ತೀರ್ಪು ಕಾಯ್ದಿರಿಸಿದ್ದಾರೆ. ಹಲ್ಲಿಲ್ಲದ ಅರ್ಜಿದಾರರೊಬ್ಬರು ಗಂಜಿ ಕೇಳಿದ್ದಕ್ಕೆ ಪ್ರತಿವಾದಿ ಆಕ್ಷೇಪಣೆ ಹಾಕಿದ್ದಾನೆ. ಒಂದೇ ಕಡೆ ಕೂತು ಬೇರೆ ಬೇರೆ ಉಣ್ಣುವುದು ಸಮಾನತೆಗೆ ವಿರುದ್ಧವಂತೆ.

ಒಬ್ಬ ಮಹಾಶಯ ಆರು ದಿನದಿಂದ ಜಗಿಯುತ್ತಿದ್ದಾನೆ. ಊಟ ಮುಗಿಯುವ ತನಕ ವಿಚಾರಣೆ ಇಲ್ಲವಲ್ಲ, ಮನೆ ಖಾಲಿ ಮಾಡುವುದನ್ನು ತಪ್ಪಿಸಲು ಅವನ ಉಪಾಯ. ನುಂಗಲು ಆದೇಶ ಕೊಡಿ ಎಂದು ಮನೆ ಮಾಲೀಕ ಅರ್ಜಿ ಹಾಕಿದ್ದಾನೆ. ಸಾಹೇಬರು ತಲೆ ಹಿಡಿದುಕೊಂಡು ಕೂತಿದ್ದಾರೆ.

ಮಾವನವರ ಕಡೆಯ ನೆಂಟರು ಯಾರೋ ಬಂದು ಕೂತಿದ್ದರೆಂದು ನಾವೆಲ್ಲ ಒಟ್ಟಿಗೇ ಊಟ ಮುಗಿಸಬೇಕಾಯಿತು. ಅದ್ದಿದ ಬಿಸ್ಕತ್ತಿನ ಕತೆಗೆ ಅತ್ತೆಗೆ ನೆತ್ತಿ ಹತ್ತಿ ನೀರು ಕೊಡಬೇಕಾಯಿತು.

ಜುಲೈ 22, ಮಂಗಳವಾರ

ನಡೆಯಬಾರದ್ದು ನಡೆದಿದೆ. ಕೇಸುಗಳು ರಾಜಿಯಾಗುತ್ತಿವೆ. ನೂರಕ್ಕೆ ಅರವತ್ತು ಮೇಜಿನಲ್ಲೇ ಮುಗಿಯುತ್ತಿವೆ. ಮಾತು ಬಿಟ್ಟಿದ್ದ ಅಕ್ಕತಂಗಿಯರು ಮೊನ್ನೆ ಒಂದೇ ಆಟೋದಲ್ಲಿ ಹೋದರು. ವಕೀಲರ ಮುಖ ಸಪ್ಪಗಾಗಿದೆ.

ವಾಯಿದೆ ವಕೀಲರು, ಅವತ್ತು ಚೇಂಬರಿನ ಬಾಗಿಲಲ್ಲಿ ನಿಂತಿದ್ದ ಜವಾನನಿಗೆ ಚಹಾ ಕುಡಿಸಿ ಬಾಯಿ ಬಿಡಿಸಿದ್ದಾರೆ. ಫೋನಿನ ವಿಷಯ ಹೊರಬಿದ್ದಿದೆ. ವಕೀಲರ ಸಂಘದ ಪರವಾಗಿ ಮೇಲಿನ ಕೋರ್ಟಿಗೆ ಹೊಸ ಅರ್ಜಿ ಹೋಗಿದೆ: ಅದು ತೀರ್ಪೇ ಅಲ್ಲ, ಮನೆ ಮಾತು, ಅದರ ಮೇಲೆ ಕಟ್ಟಿದ ಕಾನೂನೆಲ್ಲ ರದ್ದಾಗಬೇಕು. ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದಂತೆ.

ಆಗಸ್ಟ್ 8, ಶುಕ್ರವಾರ

ಸಮನ್ಸ್ ಬಂತು. ಸಾಹೇಬರಿಗಲ್ಲ, ನನಗೆ. ಮೂಲ ನೋಟ್‌ಬುಕ್ಕಿನೊಂದಿಗೆ ಹಾಜರಾಗಿ ಓದಿ ಹೇಳಬೇಕು. ನನ್ನ ಶೀಘ್ರಲಿಪಿ ನನ್ನನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಓದಲು ಬಾರದು, ನಾನೇ ಅರ್ಧ ಗೆರೆ ಕಂಡುಹಿಡಿದುಕೊಂಡಿದ್ದೇನೆ.

ಎಂದರೆ, ನಾನು ಏನು ಓದುತ್ತೇನೋ ಅದೇ ಅಲ್ಲಿರುವುದು.

ನಮ್ಮವರು ಇದೇ ಮಾತನ್ನು ಬಾಯಿಬಿಟ್ಟು ಹೇಳಿದರು. ಅಂಚಿನ ಗೆರೆ ಪೆನ್ನು ಜಾರಿ ಬಿದ್ದದ್ದು ಎಂದರೆ ಮುಗಿಯಿತು, ಫೋನು ಗೀನು ಗೊತ್ತಿಲ್ಲ ಎಂದುಬಿಡು ಎಂದರು. ಸಾಹೇಬರ ಮಾನವೂ ಉಳಿಯುತ್ತದೆ, ನನ್ನ ಪಿಂಚಣಿಯೂ. ನಿಜ ಹೇಳಿದರೆ ಬೇಕೆಂದೇ ಟೈಪ್ ಮಾಡಿದಳೆಂದು ವಿಚಾರಣೆ, ಸೇವಾ ಪುಸ್ತಕದಲ್ಲಿ ಮಸಿ. ಸಾಹೇಬರನ್ನೂ ಕೇಳಿದೆ. ಸಾಕ್ಷಿಗೆ ಹೇಳಿಕೊಡುವುದು ಸರಿಯಲ್ಲ ಎಂದರು, ಅಷ್ಟೆ. ಒಳ್ಳೆಯ ಹುಡುಗ, ಬೈದದ್ದೊಂದು ಬಿಟ್ಟರೆ.

ಅನ್ನ ಸೇರುತ್ತಿಲ್ಲ.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ತಿಂಡಿಗೆ ಕೂತಾಗ ನೋಟ್‌ಬುಕ್ಕು ಪಕ್ಕದಲ್ಲೇ ಇತ್ತು. ಎಣ್ಣೆ ಕೈ ತಾಗೀತೆಂದು ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ದೂರ ಇಟ್ಟರು. ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ ಹೇಳಿದರು:

"ನೀನು ಏನು ಬರ್ದಿದೀಯೋ ಅದನ್ನೇ ಓದು. ಹನ್ನೆರಡು ಹಾಳೆಗೋಸ್ಕರ ನನ್ನ ಹತ್ರ ನಾಲ್ಕು ವರ್ಷ ಮಾತು ಬಿಟ್ಟವಳು ನೀನು. ಈಗ ಅದ್ರಲ್ಲಿರೋದನ್ನ ಸುಳ್ಳು ಮಾಡ್ತೀಯಾ?"

ಬಸ್ಸಿಗೆ ಹೊತ್ತಾಗಿತ್ತು, ಹೊರಟೆ.

ಮೂವರು ನ್ಯಾಯಮೂರ್ತಿಗಳು, ನಡುವಿನವರಿಗೆ ಬಿಳಿ ಹುಬ್ಬು. ಹಾಲ್ ತುಂಬ ವಕೀಲರು. ಹಿಂದಿನ ಬೆಂಚಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಕನ್ನಡಕದವರು, ಬೀಗದವರು. ಇಬ್ಬರ ನಡುವೆ ಒಂದೇ ಊಟದ ಡಬ್ಬಿ. ವಾಯಿದೆ ವಕೀಲರು ಜೀವನದಲ್ಲಿ ಮೊದಲ ಸಲ ಇವತ್ತೇ ಕೇಳಬೇಕೆಂದು ಒತ್ತಾಯ ಮಾಡಿದರು.

ನಾನು ಓದಿದೆ. ಒಂದೂ ಬಿಡಲಿಲ್ಲ. "ಹಲೋ" ಓದಿದೆ, "ಯಾರಿಗೆ ರಕ್ತ ಬಂತು" ಓದಿದೆ, ಕೂರಿಸಿ ಊಟ ಹಾಕು ಓದಿದೆ, ಕಚ್ಚಿದ್ದು ಓದಿದೆ, "ಇಡ್ತೀನಿ, ಬರ್ತಾ ಬಾಳೆಹಣ್ಣು ತರ್ತೀನಿ" ಅನ್ನುವವರೆಗೂ ಓದಿದೆ. ಅಂಚಿನ ಗೆರೆ ತೋರಿಸಿದೆ. ಇದು ತೀರ್ಪಲ್ಲದ ಮಾತಿಗೆ ನಾನು ಹಾಕುವ ಗುರುತು ಎಂದೆ. ಹಾಲೆಲ್ಲ ನಗು. ಬಲಗಡೆಯ ನ್ಯಾಯಮೂರ್ತಿಗಳು ಕಡತ ಅಡ್ಡ ಹಿಡಿದು ನಕ್ಕರು.

ತೀರ್ಪಲ್ಲ ಎಂದು ಗೊತ್ತಿದ್ದೂ ಯಾಕೆ ಟೈಪ್ ಮಾಡಿದಿರಿ ಎಂದರು ಬಿಳಿ ಹುಬ್ಬಿನವರು. ನೋಟ್‌ಬುಕ್ಕು ಮುಚ್ಚಿದೆ. ಇದ್ದದ್ದನ್ನೇ ಹೇಳಿದೆ.

"ಯಾವುದು ತೀರ್ಪು, ಯಾವುದು ಅಲ್ಲ ಅಂತ ತೀರ್ಮಾನ ಮಾಡೋದು ನಾನಲ್ಲ ಅಂತ ನನಗೆ ಹೇಳಿದ್ರು. ಸಿಟ್ಟು ಬಂತು ಸ್ವಾಮಿ. ಸಿಟ್ಟಿಗೆ ಟೈಪ್ ಮಾಡಿದೆ. ತಪ್ಪು ನಂದೇ."

ಹಿಂದಿನಿಂದ ಸಾಹೇಬರು ಎದ್ದು ನಿಂತರು. ಓದದೆ ಸಹಿ ಹಾಕಿದ ತಪ್ಪು ನನ್ನದು, ಅದು ದೊಡ್ಡದು ಎಂದರು.

ಆಮೇಲೆ ಪೀಠದಲ್ಲೇ ಜಗಳ ಹತ್ತಿತು. ಎಡಗಡೆಯವರು ಇದು ರದ್ದಾಗಲೇಬೇಕು, ಮನೆ ಮಾತು ಕಾನೂನಾದರೆ ನಾಳೆ ನಮ್ಮೆಲ್ಲರ ಹೆಂಡಿರೂ ನ್ಯಾಯಮೂರ್ತಿಗಳೇ ಎಂದರು. ಬಲಗಡೆಯವರು, ಆಗಲಿ ಬಿಡಿ, ಇಡೀ ತೀರ್ಪಿನಲ್ಲಿ ಆ ಮನುಷ್ಯ ಮನಸ್ಸಿಟ್ಟು ಹೇಳಿದ್ದು ಅದೊಂದೇ ಪ್ಯಾರಾ ಎಂದರು. ಇಬ್ಬರೂ ಮೈಕು ಆರಿಸುವುದನ್ನು ಮರೆತಿದ್ದರು. ಕೊನೆಗೆ ಕನ್ನಡಕದವರು ಎದ್ದು ಕೈಮುಗಿದು, ಸ್ವಾಮಿ, ಗಂಟೆ ಒಂದಾಯಿತು, ಕಾನೂನಿನ ಪ್ರಕಾರ ನೀವು ಮೊದಲು ಊಟ ಮಾಡಬೇಕಲ್ಲವೇ ಎಂದರು. ಬೀಗದವರು ಅದು ನಿಜ ಎಂದರು.

ಮೂವರೂ ಒಂದೇ ಕೋಣೆಗೆ ಹೋದರು. ಎರಡೂವರೆಗೆ ಹೊರಬಂದಾಗ ಎಡಗಡೆಯವರ ತುಟಿಯ ಮೇಲೆ ಮೊಸರಿತ್ತು.

ಹದಿನಾಲ್ಕನೇ ಪ್ಯಾರಾ ತೀರ್ಪಿನ ಭಾಗವಲ್ಲ, ಆದ್ದರಿಂದ ಅದು ಕಾನೂನಲ್ಲ, ಎಂದಿಗೂ ಆಗಿರಲಿಲ್ಲ. ಆದರೆ ಈ ಪೀಠ ಸ್ವಂತ ಕಾರಣಗಳಿಗಾಗಿ, ಸ್ವಂತ ಮಾತಿನಲ್ಲಿ, ಅದನ್ನೇ ಇವತ್ತಿನಿಂದ ಕಾನೂನು ಮಾಡುತ್ತಿದೆ. ಊಟ ಹಾಕಬಹುದು, ಒತ್ತಾಯವಿಲ್ಲ. ಜಗಿಯಲು ಗರಿಷ್ಠ ಒಂದು ಗಂಟೆ. ಬಿಸ್ಕತ್ತು ಊಟವಲ್ಲ, ಇದು ಸರ್ವಾನುಮತ.

ಶೀಘ್ರಲಿಪಿಗಾರ್ತಿ ನಿಜ ಹೇಳಿದ್ದರಿಂದ ವಿಚಾರಣೆ ಬೇಡ, ಪಿಂಚಣಿಗೆ ತೊಂದರೆಯಿಲ್ಲ. ಆದರೆ ಲಿಖಿತ ಎಚ್ಚರಿಕೆ ಕೊಟ್ಟು ಸೇವಾ ಪುಸ್ತಕಕ್ಕೆ ಅಂಟಿಸಬೇಕು. ಕೊಡಬೇಕಾದವರು ಅವರ ನ್ಯಾಯಾಧೀಶರು.

ಕಪ್ಪು ಚುಕ್ಕೆ ಬಂದೇ ಬಂತು. ಬಸ್ಸಿನಲ್ಲಿ ಅಳಲಿಲ್ಲ, ತಲೆ ಎತ್ತಿಯೇ ಕೂತಿದ್ದೆ ಎಂದು ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ, ಸೆರಗಿನಿಂದ ನನ್ನ ಮುಖ ಒರೆಸಿದರು.

ಸೆಪ್ಟೆಂಬರ್ 30, ಮಂಗಳವಾರ

ಕೊನೆಯ ದಿನ. ಎಚ್ಚರಿಕೆ ಪತ್ರ ಇಷ್ಟು ದಿನ ಮುಂದೂಡಿದ್ದರು, ಇವತ್ತು ಬೇರೆ ದಾರಿಯಿರಲಿಲ್ಲ. ಟೈಪ್ ಮಾಡಲು ನಮ್ಮ ಕೋರ್ಟಿನಲ್ಲಿ ಇರುವವಳು ನಾನೊಬ್ಬಳೇ. ನನ್ನ ಎಚ್ಚರಿಕೆಯನ್ನು ನಾನೇ ಬರೆದುಕೊಂಡೆ.

ಸಾಹೇಬರು ಕಿಟಕಿಯ ಕಡೆ ತಿರುಗಿ ಹೇಳತೊಡಗಿದರು. ಸದರಿ ನೌಕರರು ಕರ್ತವ್ಯದಲ್ಲಿ ಲೋಪ ಎಸಗಿರುವುದರಿಂದ ಅವರಿಗೆ ಈ ಮೂಲಕ ತೀವ್ರ ಎಚ್ಚರಿಕೆ ನೀಡಲಾಗಿದೆ. ಅಷ್ಟು ಹೇಳಿ ತಿರುಗಿ ನೋಡಿದರು, ದನಿ ಬದಲಾಯಿತು.

"ಅಳ್ಬೇಡಿ ಅಮ್ಮಾ. ನೀವು ನನ್ನ ಸ್ಟೆನೋ ಆಗಿದ್ದು ನನ್ನ ಪುಣ್ಯ. ನಿಮ್ಮಿಂದ ನಾನು ಓದಿ ಸಹಿ ಹಾಕೋದು ಕಲಿತೆ."

ಕೈ ಅಭ್ಯಾಸದಂತೆ ಅಂಚಿಗೆ ಹೋಯಿತು. ಗೆರೆ ಎಳೆಯಲಿಲ್ಲ.

ಟೈಪ್ ಮಾಡಿ ಮುಂದಿಟ್ಟೆ. ಅವರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬೆರಳಿಟ್ಟು ಓದಿದರು. ಆ ಸಾಲುಗಳ ಹತ್ತಿರ ಬೆರಳು ನಿಂತಿತು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿ, ಒಂದು ಪ್ರತಿ ಸೇವಾ ಪುಸ್ತಕಕ್ಕೆ ಎಂದರು. ಜವಾನ ಗೋಂದು ತಂದ.

ಇನ್ನೊಂದು ಪ್ರತಿ ಮನೆಗೆ ತಂದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಎದ್ದು ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಕಪಾಟಿನ ಹಲಗೆಯಿಂದ ಹನ್ನೆರಡು ಹಾಳೆ ಬಿಡಿಸಿ ತಂದು ನನ್ನ ಕೈಗಿಟ್ಟರು. ಎಣ್ಣೆಯ ಕಲೆ, ಡಬ್ಬಿಯ ಉಂಗುರ. ಗೆರೆಗಳು ಇನ್ನೂ ಓದಲು ಬರುತ್ತಿದ್ದವು.

ಹಲಗೆಗೆ ಈಗ ಏನು ಹಾಸುತ್ತೀರಿ ಎಂದೆ. ಆ ಎಚ್ಚರಿಕೆ ಪತ್ರ ಕೊಡು, ಅಳತೆ ಸರಿಯಿದೆ ಎಂದರು. ಇದು ಕೊಡುವುದಿಲ್ಲ, ನಕಲು ಬೇಕಾದರೆ ಅರ್ಜಿ ಹಾಕಿ ಎಂದೆ.

"ಮೊದ್ಲು ಊಟಕ್ಕೆ ಬಾ," ಎಂದರು ಅತ್ತೆ. "ಅರ್ಜಿ ಆಮೇಲೆ ನೋಡೋಣ."